ಇಬ್ಬರಲ್ಲಿ ಮೊದಲು ಹೋದವರು ಯಾರು?

"ಅಕ್ಕಾರ, ಒಂದ ಮಾತ ಕೇಳಲೇನ್ರಿ? ನಮ್ಮವ್ವ ಸಾಯೂಮುಂದ ಮುತ್ತೈದಿ ಇದ್ದಳೋ, ಇಲ್ಲೋ?"

ಹಿತ್ತಿಲ ಗೋಡೆಯ ಆಚೆಯಿಂದ ಈ ಪ್ರಶ್ನೆ ಬಂದಾಗ ನಾನು ಒದ್ದೆ ಸೀರೆ ಹಿಂಡುತ್ತಿದ್ದೆ. ಹಿಂಡುವುದು ಅರ್ಧಕ್ಕೇ ನಿಂತಿತು. ನೀವೇ ಹೇಳಿ, ಬೆಳಗಿನ ಹೊತ್ತು, ಇನ್ನೂ ಚಹಾ ಕೂಡ ಆಗಿಲ್ಲ, ಪಕ್ಕದ ಮನೆಯ ಹುಡುಗಿ ಇಂಥದೊಂದು ಪ್ರಶ್ನೆ ಕೇಳಿದರೆ ಏನು ಉತ್ತರ ಕೊಡುವುದು?

ಕೇಳಿದವಳು ಶಾಂತಾ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಇಲ್ಲದಿದ್ದರೆ ಬೇರೆಯವರ ಮನೆಯ ಮಾತನ್ನು ಈ ಅಂಕಣಕ್ಕೆ ತರುವವಳು ನಾನಲ್ಲ, ಅದು ನಿಮಗೆ ಗೊತ್ತು.) ಅವಳಿನ್ನೂ ಸಣ್ಣವಳಿದ್ದಾಗ ಅವಳ ತಂದೆತಾಯಿ ಒಂದೇ ದಿನ, ಒಂದೇ ನೀರಿನಲ್ಲಿ ತೀರಿಕೊಂಡರು. ಆ ದಿನದಿಂದ ನಮ್ಮ ಓಣಿಯಲ್ಲಿ ಆದರ್ಶ ದಂಪತಿಗಳೆಂದರೆ ಅವರೇ. ಹೊಸದಾಗಿ ಮದುವೆಯಾದವರಿಗೆ ಹಿರಿಯರು ಅವರ ಕಥೆ ಹೇಳುತ್ತಾರೆ. "ಜೋಡಿ ಅಂದ್ರ ಹಂಗಿರಬೇಕು ನೋಡ್ರಿ" ಎನ್ನುತ್ತಾರೆ.

ಹೇಗಿದ್ದರು ಅವರು? ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಕಂಡಂತೆ ಹೇಳುತ್ತೇನೆ. ಸಂಗಪ್ಪ ಕಾಕಾ, ಕಾಶವ್ವ ಕಾಕು ಖಣದ ವ್ಯಾಪಾರಿಗಳು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಮುತ್ತೈದೆಗೆ ಕೊಡುವ ಕುಬಸದ ಬಟ್ಟೆಯೇ ಖಣ. ವಿಜಾಪುರದ ಈ ಓಣಿಯಿಂದ ತಗಡಿನ ಟ್ರಂಕು ಹೊತ್ತು ಒಂದು ದಿನ ತಿಕೋಟಾ ಸಂತೆಗೆ, ಇನ್ನೊಂದು ದಿನ ಬಬಲೇಶ್ವರದ ಸಂತೆಗೆ ಇಬ್ಬರೂ ಹೋಗುತ್ತಿದ್ದರು. ತಿಕೋಟಾದಲ್ಲಿ ನನ್ನ ಅಜ್ಜಿಯ ಮನೆ. ಧಾರವಾಡದ ಕಾಲೇಜಿನಿಂದ ರಜೆಗೆ ಬಂದಾಗ ಸಂತೆಯಲ್ಲಿ ಅವರನ್ನು ಎಷ್ಟೋ ಸಲ ನೋಡಿದ್ದೇನೆ.

ಆಗಷ್ಟೇ ಬಟ್ಟೆಯ ಅಳತೆಯಲ್ಲಿ ಗಜ ಹೋಗಿ ಮೀಟರು ಬಂದಿತ್ತು. ಕಾಕಾ ಹೊಸ ಮೀಟರು ಪಟ್ಟಿ ಕೊಂಡರು. ಹಳೆಯ ಕಬ್ಬಿಣದ ಗಜವನ್ನು ಎಸೆಯಲು ಹೋದಾಗ ಕಾಕು ಕಸಿದುಕೊಂಡರು. ಯಾಕೆ? ಗಂಡನನ್ನು ಕರೆಯುವುದಕ್ಕೆ! ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲವಲ್ಲ. ಸಂತೆಯ ಗದ್ದಲದಲ್ಲಿ "ಏನ್ರಿ" ಅಂದರೆ ನೂರು ಗಂಡಸರು ತಿರುಗಿ ನೋಡುತ್ತಾರೆ. ಅದಕ್ಕೆ ಅವರು ಗಜದಿಂದ ಟ್ರಂಕಿನ ಮೇಲೆ ಬಡಿಯುತ್ತಿದ್ದರು. ಠಣ್, ಠಣ್. ಸಂತೆಯ ಯಾವ ಮೂಲೆಯಲ್ಲಿದ್ದರೂ ಕಾಕಾ ಓಡಿ ಬರುತ್ತಿದ್ದರು, ಅನೇಕ ಸಲ ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ.

ಆ ಚಹಾದ ಮೇಲೆ ದಿನವೂ ಜಗಳ. ಕಾಕಾಗೆ ಸಕ್ಕರೆ ಎಂದರೆ ಪ್ರಾಣ. ಹಲ್ಲುಗಳು ಮಾತ್ರ ಹುಳುಕು.

"ಅವ್ರಿಗೆ ಸಕ್ಕರಿ ಕಡಿಮಿ ಹಾಕ್ರಿ, ಹಲ್ಲ ನೂಸ್ತಾವ!" ಎಂದು ಕಾಕು ಅಂಗಡಿಯಿಂದಲೇ ಚಹಾದವನಿಗೆ ಕೂಗುತ್ತಿದ್ದರು.

"ಹಲ್ಲ ನಂದು, ನೋವ ನಂದು. ಸಕ್ಕರಿ ಅಷ್ಟ ಇಕಿದೇನು?" ಎಂದು ಕಾಕಾ ಸಂತೆಗೆಲ್ಲ ಕೇಳುವಂತೆ ಉತ್ತರಿಸುತ್ತಿದ್ದರು.

"ರಾತ್ರಿ ಗಲ್ಲ ಹಿಡಕೊಂಡು ಕೂತ್ರ ಲವಂಗ ಜಜ್ಜಿ ಕೊಡಾಕಿ ಯಾರು? ನಿಮ್ಮ ಚಾದವನೇನು?"

ಚಹಾದವನು ನಗುತ್ತಿದ್ದ. ಕಾಕಾಗೆ ಕಣ್ಣು ಹೊಡೆದು ಇನ್ನೊಂದು ಚಮಚ ಹಾಕುತ್ತಿದ್ದ. ಕಾಕುಗೆ ಅದು ಗೊತ್ತಾಗದೆ ಇರುತ್ತಿರಲಿಲ್ಲ. ಮತ್ತೆ ಜಗಳ. ಇವರು ಬದುಕಿದ್ದಾಗ ನಮ್ಮ ಓಣಿ ಇವರನ್ನು ಏನೆನ್ನುತ್ತಿತ್ತು ಗೊತ್ತೇ? "ಸದಾ ಕಚ್ಚಾಡೂ ಮಂದಿ." ಸತ್ತ ಮೇಲೆ ಅದೇ ಓಣಿ ಅವರನ್ನು ಆದರ್ಶ ದಂಪತಿ ಮಾಡಿತು. ಒಂದೇ ದಿನ ಸತ್ತದ್ದಕ್ಕೋ, ಅಥವಾ ಆ ಜಗಳ ಏನೆಂದು ಆಮೇಲಷ್ಟೇ ತಿಳಿಯಿತೋ? ನನಗೆ ಇನ್ನೂ ಬಗೆಹರಿದಿಲ್ಲ.

ಆ ದಿನ ನಾನು ಊರಲ್ಲಿರಲಿಲ್ಲ. ಕೇಳಿದ್ದು ಇಷ್ಟು. ಬಬಲೇಶ್ವರದ ಸಂತೆ ಮುಗಿಸಿದಾಗ ಬಸ್ಸು ಹೋಗಿಬಿಟ್ಟಿತ್ತು. ಪರಿಚಯದವನ ಎತ್ತಿನ ಗಾಡಿಯೊಂದು ಸಾರವಾಡದ ಕಡೆ ಹೊರಟಿತ್ತು, ಹತ್ತಿಕೊಂಡರು. ಸಾರವಾಡದ ಹತ್ತಿರ ಡೋಣಿ ಹೊಳೆ. ಅದರ ಸ್ವಭಾವ ನಿಮಗೆ ಗೊತ್ತಿದ್ದದ್ದೇ. ಪಡುವಣದಲ್ಲಿ ಎಲ್ಲೋ ಮಳೆಯಾಗುತ್ತದೆ, ಇಲ್ಲಿ ಬಿಸಿಲು ಇರುವಾಗಲೇ ಕೆಂಪು ನೀರು ಬಂದುಬಿಡುತ್ತದೆ. ಗಾಡಿ ನಡುಹೊಳೆಯಲ್ಲಿದ್ದಾಗ ನೀರು ಬಂತು. ಎತ್ತುಗಳು ಬೆದರಿದವು. ಗಾಡಿಯವನು ನೊಗದ ಹಗ್ಗ ಬಿಚ್ಚಿ, "ಇಳದ ಬರ್ರಿ, ಲಗೂನ ಬರ್ರಿ!" ಎಂದು ಕೂಗಿದ.

ಆಮೇಲೆ ನಡೆದದ್ದನ್ನು ಗಾಡಿಯವನೇ ಎಲ್ಲರಿಗೂ ಹೇಳಿದ್ದಾನೆ.

"ನೀ ಮೊದಲ ಇಳಿ" ಎಂದರಂತೆ ಕಾಕಾ.

"ನೀವ ಮೊದಲ ಇಳೀರಿ. ನನಗ ಟ್ರಂಕ ಕೊಡ್ರಿ" ಎಂದರಂತೆ ಕಾಕು.

"ಟ್ರಂಕಿಗೆ ಬೆಂಕಿ ಹತ್ತಲಿ! ಇಳೀತಿಯೋ ಇಲ್ಲೋ?"

"ನೀವ ಇಳದ ಹೊರತು ನಾ ಇಳ್ಯಾಣಿಲ್ಲ."

ಅಷ್ಟರಲ್ಲಿ ಇನ್ನೊಂದು ನೀರು ಬಂತು. ಕೊನೆಯ ಜಗಳಕ್ಕೆ ತೀರ್ಪು ಆಗಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಿದರು. ಕಾಕುಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕಳಿಸಿದರು. ಇಬ್ಬರೂ ಒಂದೇ ಹೊತ್ತಿಗೆ ಹೋದರು ಎಂದು ಎಲ್ಲರೂ ಅಂದುಕೊಂಡಿದ್ದರು. ಯಾರಿಗೂ ಅನುಮಾನ ಇರಲಿಲ್ಲ. ಅನುಮಾನ ಹುಟ್ಟಿದ್ದು ಮೊನ್ನೆ, ಶಾಂತಾಳ ಮದುವೆ ಗೊತ್ತಾದಾಗ.

ಹುಡುಗ ತಿಕೋಟಾದವನು. ಹೊಲಮನೆ ಇರುವವರು, ಒಳ್ಳೆಯ ಜನ. ಶಾಂತಾಳಿಗೆ ಒಂದೇ ಆಸೆ: ಅವ್ವನ ತಾಳಿಯನ್ನೇ ಕಟ್ಟಿಸಿಕೊಳ್ಳಬೇಕು. ಎರಡು ಪುಟ್ಟ ಬಂಗಾರದ ಬಟ್ಟಲು, ನಡುವೆ ಹವಳ. ಕರಿಮಣಿಯ ಸರ ನೀರಿನಲ್ಲಿ ಹರಿದುಹೋಗಿತ್ತಾದರೂ ಬಟ್ಟಲುಗಳು ಕುಬಸದ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದವಂತೆ. ಸಾರವಾಡದವರು ಅವನ್ನೂ, ಕೆಳಗೆ ಸಿಕ್ಕ ಟ್ರಂಕಿನಲ್ಲಿದ್ದ ಗಜವನ್ನೂ ತಂದು ಒಪ್ಪಿಸಿದ್ದರು.

"ಅವ್ವನ ಮೈಮ್ಯಾಲಿಂದು ಅಂತ ನನ್ನ ಹಂತ್ಯಾಕ ಇರೂದು ಅದೊಂದ ಅಕ್ಕಾರ. ಫೋಟೋ ತಗಸಿರಲಿಲ್ಲ. ಸೀರಿ ನುಸಿ ತಿಂದಾವು. ಒಮ್ಮೊಮ್ಮೆ ಮುಖಾನೂ ನೆನಪಾಗೂದಿಲ್ಲ, ದನಿ ಅಷ್ಟ ನೆನಪೈತಿ" ಎಂದಳು.

ಸಾಮಾನ್ಯವಾಗಿ ಇದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಮುತ್ತೈದೆಯಾಗಿ ಹೋದವಳ ತಾಳಿ ಮಗಳಿಗೆ ಬಂದರೆ ಭಾಗ್ಯ ಎನ್ನುತ್ತಾರೆ. ಅಡ್ಡ ಬಂದವರು ಶಾಂತಾಳ ಸೋದರತ್ತೆ ಗಂಗತ್ತೆ. ಸಂಗಪ್ಪ ಕಾಕಾನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಆ ದುರಂತದ ನಂತರ ಮನೆಯಲ್ಲೇ ಖಣ ಮಾರಿ ಶಾಂತಾಳನ್ನು ಬೆಳೆಸಿದವರೂ ಅವರೇ. ಹುಡುಗಿಯ ಮೇಲೆ ಅವರಿಗೆ ಜೀವ. ಅದರಲ್ಲಿ ನನಗೆ ಸಂಶಯವಿಲ್ಲ.

ಅಂದು ಸಂಜೆ ನಾನು ಅವರ ಮನೆಗೆ ಹೋದಾಗ ಅತ್ತೆ ಸೊಸೆ ಮುಖ ತಿರುಗಿಸಿಕೊಂಡು ಕೂತಿದ್ದರು.

"ಬಾರವ್ವಾ, ನೀ ಕಲತಾಕಿ. ನೀನ ಹೇಳು" ಎಂದರು ಗಂಗತ್ತೆ. "ಗಾಡಿಯಾಂವ ಮೊನ್ನೆ ಚಾದ ಅಂಗಡ್ಯಾಗ ಏನ ಅಂದಾನ ಗೊತ್ತೈತೇನು? ಹೊಳಿಯಿಂದ ತಗದಾಗ ಗಂಡಸಿನ ಜೀವ ಹೋಗಿತ್ತು, ಹೆಂಗಸಿಗೆ ಇನ್ನಾ ಉಸಿರಿತ್ತು ಅಂತ. ಹಂಗಾದ್ರ ಆಕಿ ಮುತ್ತೈದಿ ಹೆಂಗ ಆದಳು?"

"ಅಂವಗ ಕುಡದಾಗ ಎಲ್ಲಾ ನೆನಪ ಬರತೈತಿ" ಎಂದಳು ಶಾಂತಾ.

"ಏ ಸುಮ್ಮನಿರ ಬೇ! ತಾಳಿ ಅಂದ್ರ ಬರೇ ಒಡವಿ ಅಲ್ಲ. ನಾಳೆ ನಿನ್ನ ಗಂಡಗ ಒಂದ ಜ್ವರಾ ಬಂದ್ರೂ ಮಂದಿ ನಿನ್ನ ಕೊಳ್ಳ ನೋಡ್ತಾರ. ಎಂಥಾಕಿ ತಾಳಿ ಹಾಕ್ಕೊಂಡ ಬಂದಾಳ ಅಂತಾರ. ಮಂದಿ ಬಾಯಿ ನಿನಗೇನ ಗೊತ್ತು? ನನಗ ಗೊತ್ತು."

ಆ ಕೊನೆಯ ಮಾತು ಹೇಳುವಾಗ ಅವರ ದನಿ ಬೇರೆಯಾಗಿತ್ತು. ನಾನು ಗಮನಿಸಿದೆ, ಕೇಳಲಿಲ್ಲ.

ಗಂಗತ್ತೆಯ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಕುತೂಹಲ. ನಿಡೋಣಿಯಿಂದ ಯಾರೇ ಖಣ ಕೊಳ್ಳಲು ಬರಲಿ, ಅವರು ತಪ್ಪದೆ ಕೇಳುವ ಪ್ರಶ್ನೆ ಒಂದಿತ್ತು. "ನಿಮ್ಮೂರ ಪಾರವ್ವ ಹೆಂಗದಾಳ್ರಿ? ಆಕಿ ಗಂಡ ಆರಾಮದಾನಿಲ್ಲೋ?" ಆರಾಮಾಗಿದ್ದಾನೆ ಎಂದರೆ ಒಂದು ಉಸಿರು ಬಿಟ್ಟು ವ್ಯಾಪಾರಕ್ಕೆ ತಿರುಗುವರು. ಈ ಪಾರವ್ವ ಯಾರು? ಬಳಗದವಳಲ್ಲ. ಗೆಳತಿಯೂ ಅಲ್ಲ. ಗಂಗತ್ತೆ ನಿಡೋಣಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ಒಮ್ಮೆ ಕೇಳಿದ್ದಕ್ಕೆ "ನಿನಗ್ಯಾಕ ಬೇಕವ್ವಾ?" ಎಂದಿದ್ದರು. ನಿಜ, ನನಗ್ಯಾಕೆ ಬೇಕು? ಸುಮ್ಮನಾಗಿದ್ದೆ.

ಮರುದಿನ ಶಾಂತಾ ಮತ್ತೆ ಗೋಡೆಯ ಹತ್ತಿರ ಬಂದಳು.

"ಸಾರವಾಡದಾಗ ನೀಲವ್ವ ಅಂತ ಒಬ್ಬಾಕಿ ಅದಾಳಂತ. ದಂಡಿ ಮ್ಯಾಲ ಅಪ್ಪಾ ಅವ್ವನ ಹತ್ರ ಇದ್ದಾಕಿ ಆಕಿನ. ನನಗ ಅರಿಷಿಣ ಹಚ್ಚ್ಯಾರ, ಹೊಳಿ ಕಡೆ ಹೋಗಗೊಡೂದಿಲ್ಲ. ನೀವು ಕೇಳಿ ಬರ್ತೀರೇನ್ರಿ?"

"ಆಕಿ ಹೇಳೂದು ನಿನಗ ಬ್ಯಾಡಾದ ಉತ್ತರ ಆದ್ರ?"

"ಆದ್ರ ತಾಳಿ ಪೆಟಗ್ಯಾಗ ಇಡ್ತೀನಿ. ಆದ್ರ ಗೊತ್ತಿರಬೇಕು ಅಕ್ಕಾರ."

ಹೋಗಲು ಒಪ್ಪಿದ್ದು ಬರೀ ಅವಳ ಸಲುವಾಗಿ ಎಂದರೆ ಸುಳ್ಳಾದೀತು. ನನಗೂ ತಿಳಿಯಬೇಕಿತ್ತು. ಧಾರವಾಡದಲ್ಲಿ ಲಾಜಿಕ್ ಓದಿದ ತಲೆ ಇದು. ಕಾಕಾ ಮೊದಲು, ಇಲ್ಲವೇ ಕಾಕು ಮೊದಲು, ಇಲ್ಲವೇ ಇಬ್ಬರೂ ಒಟ್ಟಿಗೆ. ಮೂರರಲ್ಲಿ ಒಂದು ನಿಜವಿರಲೇಬೇಕು. ನೋಡಿದವರಿದ್ದರೆ ಕೇಳಿದರಾಯಿತು. ಎಷ್ಟು ಸುಲಭ ಎಂದುಕೊಂಡೇ ಬಸ್ಸು ಹತ್ತಿದೆ.

ನೀಲವ್ವನ ಮನೆ ಸಾರವಾಡದ ಹೊಳೆ ಕಡೆಯ ಓಣಿಯಲ್ಲಿ. ಅಂಗಳದಲ್ಲಿ ಕೂತು ಕುಸುಬಿ ಹಸನು ಮಾಡುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಮೊರದಿಂದ ತಲೆ ಎತ್ತದೆ ಕೇಳಿದರು:

"ಪ್ಯಾಪರಿನ್ಯಾಗ ಬರ್ಯಾಕಿ ಏನು?"

"ಬರೀತೀನ್ರಿ. ಆದ್ರ ಇದನ್ನ ಕೇಳಾಕ ಬಂದದ್ದು ಅದಕ್ಕಲ್ಲ."

"ಲಗ್ನ ಆಗೇತೇನು?"

"ಇಲ್ಲರಿ."

"ಹಂಗಾದ್ರ ಇದು ನಿನಗ ತಿಳ್ಯಾಣಿಲ್ಲ ಬಿಡು."

"ತಿಳೀಲಿಕ್ಕಂದ್ರೂ ಕೇಳ್ಕೋತೀನ್ರಿ."

ಈಗ ತಲೆ ಎತ್ತಿದರು. ಸ್ವಲ್ಪ ನಕ್ಕರು. "ಕುಂಡ್ರು, ಚಾ ಮಾಡ್ತೀನಿ" ಎಂದು ಒಳಗೆ ಹೋದರು. ಪಾತ್ರೆಯ ಸದ್ದು, ಒಲೆ ಊದುವ ಸದ್ದು. ಆಮೇಲೆ ಬಾಗಿಲಿಗೆ ಬಂದು ಕೇಳಿದರು: "ಸಕ್ಕರಿ ಹೆಂಗ ಹಾಕಲಿ? ಹೆಚ್ಚೋ, ಕಡಿಮಿನೋ?"

ಕೇಳಿದವರು ಹಾಗೆಯೇ ನಿಂತರು. ಚಮಚ ಕೈಯಲ್ಲೇ ಇತ್ತು.

"ಆಕಿನೂ ಸಕ್ಕರಿದ ಮಾತ ಆಡಿ ಹೋದಳು ನೋಡವ್ವಾ" ಎಂದರು.

ಚಹಾ ಮರೆತುಹೋಯಿತು. ಹೊಸ್ತಿಲ ಮೇಲೆ ಕೂತು ಹೇಳಿದರು. ಮೊದಲು ಸಿಕ್ಕವರು ಸಂಗಪ್ಪ ಕಾಕಾ. ದಂಡೆಗೆ ತಂದಾಗ ಜೀವ ಇರಲಿಲ್ಲ. ಕೌದಿ ಹೊದಿಸಿ ಮೇಲೆ ಬೇವಿನ ಗಿಡದ ಆಚೆ ಮಲಗಿಸಿದರು. ಕಾಶವ್ವ ಕಾಕು ಕೆಳಗೆ ಜಾಲಿಯ ಕಂಟಿಗೆ ಸಿಕ್ಕಿಕೊಂಡಿದ್ದರು. ಅವರನ್ನು ಬಿಡಿಸಿ ತಂದಾಗ ಉಸಿರಿತ್ತು. ಗಾಡಿಯವನು ಸುಳ್ಳು ಹೇಳಿರಲಿಲ್ಲ.

"ನನ್ನ ತೊಡಿ ಮ್ಯಾಲ ತಲಿ ಇಟಗೊಂಡೆ. ಕಣ್ಣ ತಗದಳು. ಕೊಳ್ಳಾಗ ಕೈ ಆಡಿಸಿ ತಾಳಿ ಹುಡುಕಿದಳು. ಸರಾ ಹರದಿತ್ತು. ಹೆದರಿದಳು ಪಾಪ, ಕಣ್ಣಾಗ ಕಾಣತಿತ್ತು. 'ಅವ್ರು?' ಅಂದಳು. ಅಷ್ಟ ಅಂದಳು. ನಾ ಏನ ಹೇಳಬೇಕಿತ್ತು, ನೀನ ಹೇಳು?"

ಸೆರಗಿನಿಂದ ಚಮಚ ಒರೆಸುತ್ತ ಅವರೇ ಮುಂದೆ ಹೇಳಿದರು.

"'ಅಲ್ಲಿ ಮ್ಯಾಲ ಬೇವಿನ ಗಿಡದ ಬುಡಕ ಕುಂತಾರ ತಂಗೀ, ಚಳಿ ಹತ್ತೇತಿ ಅಂತ ಚಾ ಕುಡ್ಯಾಕತ್ತಾರ' ಅಂದೆ. ಚಾ ಅನ್ನೂದು ನನ್ನ ಬಾಯಾಗ ಯಾಕ ಬಂತೋ ಏನೋ. ಆಕಿ ಮಾರಿ ಅರಳಿತು ನೋಡು. 'ಸಕ್ಕರಿ ಕಡಿಮಿ ಹಾಕ ಅನ್ರಿ, ಹಲ್ಲ ನೂಸ್ತಾವ' ಅಂದಳು. 'ಹೇಳ್ತೀನಿ' ಅಂದೆ. ಆ ಮ್ಯಾಲ ಮಾತಾಡಲಿಲ್ಲ."

ಅಂಗಳದಲ್ಲಿ ಕೋಳಿಯೊಂದು ಕುಸುಬಿಗೆ ಬಾಯಿ ಹಾಕಿತ್ತು. ನೀಲವ್ವ ಅದನ್ನು ಓಡಿಸಲಿಲ್ಲ.

"ಇದನ್ನ ಊರಿಗೆ ಯಾಕ ಹೇಳಲಿಲ್ಲರಿ?" ಎಂದು ಕೇಳಿದೆ.

"ಯಾರ ಕೇಳ್ಯಾರ? ವಿಜಾಪುರದಿಂದ ಮಂದಿ ಬಂದ್ರು. 'ಇಬ್ರೂ ಕೂಡೇ ಹೋದ್ರೇನು?' ಅಂದ್ರು. ಹೌದ ಅಂದೆ. ಅವರು ಬರೂದ್ರಾಗ ಆಕಿ ಒಡದ ಬಳಿ ತಗದು ನನ್ನ ಕೈಯಾನ ಬಳಿ ಹಾಕಿದ್ದೆ. ಕುಂಕುಮಾ ಹಚ್ಚಿದ್ದೆ."

"ಆದ್ರ ಅವರ ಯಜಮಾನ್ರು ಮೊದಲ ಹೋಗಿದ್ರಲ್ಲರಿ."

ನೀಲವ್ವ ನನ್ನನ್ನು ಒಂದು ಗಳಿಗೆ ನೋಡಿದರು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬ ನೋಟವಲ್ಲ ಅದು. ತನ್ನ ಮಾತು ಸರಿಯೋ ಎಂದು ತಾನೇ ತೂಗಿ ನೋಡುವ ನೋಟ.

"ಯಾರಿಗ ಹೋಗಿದ್ದ? ನನಗ ಹೋಗಿದ್ದ, ಗಾಡಿಯಾಂವಗ ಹೋಗಿದ್ದ. ಆಕಿಗೆ ಇದ್ದನಲ್ಲ, ಚಾ ಕುಡ್ಯಾಕತ್ತಿದ್ದ. ನಾ ಹೇಳಿದ್ರ ಅಲ್ಲಾ ಆಕಿ ಗಂಡ ಸಾಯಾಂವ? ನಾ ಹೇಳಲೇ ಇಲ್ಲ." ಆಮೇಲೆ ಮೆಲ್ಲಗೆ, "ತಪ್ಪಾತೇನು?" ಎಂದರು.

ಮೂರರಲ್ಲಿ ಒಂದು ನಿಜವಿರಲೇಬೇಕು ಎಂದುಕೊಂಡು ಹೋಗಿದ್ದೆನಲ್ಲ? ನಾಲ್ಕನೆಯದು ಒಂದಿರಬಹುದೆಂದು ನನ್ನ ಲಾಜಿಕ್ ಪುಸ್ತಕ ಹೇಳಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಸಕ್ಕರೆಯ ಮಾತಷ್ಟನ್ನೇ ಹೇಳಿ, ಕಾಕಾ ಮೊದಲೇ ಹೋಗಿದ್ದನ್ನು ನುಂಗಿಬಿಡಲೇ? ತಾಳಿ ಸಿಗುತ್ತದೆ, ಹುಡುಗಿ ನಗುತ್ತಾಳೆ. ಆದರೆ "ಗೊತ್ತಿರಬೇಕು" ಎಂದಿದ್ದಳು ಶಾಂತಾ. ಅರ್ಧ ಗೊತ್ತಿರಬೇಕು ಎಂದಿರಲಿಲ್ಲ. ಸುಳ್ಳು ಹೇಳುವ ಹಕ್ಕು ದಂಡೆಯ ಮೇಲೆ ತಲೆಗೆ ತೊಡೆ ಕೊಟ್ಟವರಿಗೆ ಇದ್ದೀತು. ಬಸ್ಸಿನಲ್ಲಿ ಹೋಗಿ ಚಹಾ ಕುಡಿದು ಬಂದವಳಿಗೆ (ಕೊನೆಗೆ ಕುಡಿದೆ, ಸಕ್ಕರೆ ಹೆಚ್ಚಾಗಿತ್ತು) ಆ ಹಕ್ಕು ಎಲ್ಲಿಂದ ಬರಬೇಕು?

ಎಲ್ಲವನ್ನೂ ಹೇಳಿದೆ. ಗಂಗತ್ತೆ ಖಣಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತ ಕೂತಿದ್ದರು. ಕಾಕಾ ಮೊದಲು ಹೋಗಿದ್ದರು ಎಂದಾಗ ಶಾಂತಾಳ ಮುಖ ಇಳಿಯಿತು. ಗಂಗತ್ತೆ "ನಾ ಅಂದಿದ್ನಿಲ್ಲ" ಎನ್ನುತ್ತಾರೆಂದು ನಾನು ನಿರೀಕ್ಷಿಸಿದ್ದೆ, ಎನ್ನಲಿಲ್ಲ. ಮುಂದೆ ಹೇಳಿದೆ. ಬೇವಿನ ಗಿಡ, ಚಹಾ, ಆಮೇಲೆ ಸಕ್ಕರೆ.

ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕಳು. ನಿಜವಾಗಿಯೂ ನಕ್ಕಳು. "ಅವ್ವನ ದನಿ ಕೇಳಿಸ್ತು ಅಕ್ಕಾರ. ಹಂಗ ಅಂತಿದ್ದಳು. 'ನೂಸ್ತಾವ' ಅಂತ, ಮಾರಿ ಹಿಂಗ ಮಾಡಿ" ಎನ್ನುತ್ತ ಮುಖ ಸೊಟ್ಟ ಮಾಡಿ ತೋರಿಸಿದಳು. ಆ ಸೊಟ್ಟ ಮುಖ ಹಾಗೆಯೇ ಅಳುವಾಯಿತು.

ಗಂಗತ್ತೆಯ ಕೈ ಒಂದು ಹಸಿರು ಖಣದ ಮೇಲೆ ನಿಂತಿತ್ತು. "ಏನಂದಳು? ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ.

"ಸಾರವಾಡದಾಕಿಗೆ ನನ್ನ ತಮ್ಮನ ಹಲ್ಲಿನ ಸುದ್ದಿ ಹೆಂಗ ಗೊತ್ತಾಗಬೇಕು?" ಎಂದು ತಮಗೆ ತಾವೇ ಅಂದುಕೊಂಡರು. "ಖರೇನ ಅಂದಾಳ. ಆಂವ ಸಣ್ಣಾಂವ ಇದ್ದಾಗಿಂದಾನೂ ಸಕ್ಕರಿ ಕಳ್ಳ." ನನ್ನ ಕಡೆ ತಿರುಗಿ ಕೇಳಿದರು, "ಅಂದ್ರ ಅಂವ ಹೋಗಿದ್ದ. ಆದ್ರ ಆಕಿಗೆ ಗೊತ್ತಿರಲಿಲ್ಲ."

"ಇಲ್ಲರಿ. ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲವ್ವಾ."

ಎಂದೋ ಒಮ್ಮೆ ಕೇಳಿ ನಾನು ಕೈಬಿಟ್ಟಿದ್ದ ಪಾರವ್ವನ ಪ್ರಶ್ನೆಗೆ ಆಗ ಉತ್ತರ ಬಂತು.

ಗಂಗತ್ತೆಯ ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ಜ್ವರ ಬಂದು ತೀರಿಕೊಂಡರು. ಸುದ್ದಿ ತರಬೇಕಾದ ಮನುಷ್ಯ ನಡುವೆ ತನ್ನ ಕೆಲಸಕ್ಕೆ ಬೇರೆ ಊರಿಗೆ ಹೋಗಿ, ನಿಧಾನವಾಗಿ ಬಂದ. ಅಷ್ಟರಲ್ಲಿ ಗಂಗತ್ತೆ ನಿಡೋಣಿಗೆ ಒಂದು ಮದುವೆಗೆ ಹೋಗಿದ್ದರು. ಹಸಿರು ಬಳೆ ತೊಟ್ಟು, ಹೂ ಮುಡಿದು, ಮದುಮಗಳಿಗೆ ತಮ್ಮ ಕೈಯಾರೆ ಉಡಿ ತುಂಬಿ, ಊಟ ಮಾಡಿ, ಹಾಡು ಹೇಳಿ ಬಂದಿದ್ದರು. ಆ ಮದುಮಗಳೇ ಪಾರವ್ವ.

"ಆಮ್ಯಾಲ ಸುದ್ದಿ ಬಂತು. ಮಂದಿ ದಿನಾ ಎಣಿಸಿದ್ರು. 'ಆ ದಿನ ಗಂಡ ಸತ್ತಿದ್ದ, ಗಂಡ ಸತ್ತಾಕಿ ಕೈಲೆ ಉಡಿ ತುಂಬಿಸ್ಕೊಂಡ್ವಿ' ಅಂತ ಪಾರವ್ವನ ಅವ್ವ ನಮ್ಮ ಬಾಗಲಿಗೆ ಬಂದು ಮಣ್ಣ ತೂರಿದಳು. 'ನನ್ನ ಮಗಳಿಗೆ ಏನರ ಆದ್ರ ನಿನ್ನ ಸುಡ್ತೀನಿ' ಅಂದಳು. ಗಂಡ ಸತ್ತದ್ದಕ್ಕ ಅಳಾಕೂ ಬಿಡಲಿಲ್ಲ ನನಗ. ನನಗ ಗೊತ್ತಿರಲಿಲ್ಲ ಅಂದೆ. ಗೊತ್ತಿರಲಿಕ್ಕಂದ್ರೇನಾತು, ಸತ್ತದ್ದು ಸತ್ತದ್ದಲ್ಲಾ ಅಂದ್ರು. ನಾನೂ ಹೌದ ಅಂದ್ಕೊಂಡೆ. ಅವತ್ತಿನಿಂದ ಕೇಳ್ಕೋತನ ಬಂದೀನಿ, ಪಾರವ್ವನ ಗಂಡ ಹೆಂಗದಾನ ಅಂತ. ಆಂವ ಕೆಮ್ಮಿದ್ರ ನನಗ ನಿದ್ದಿ ಇಲ್ಲ."

"ಏನರ ಆತೇನ್ರಿ ಅವಂಗ?" ನನ್ನ ಬಾಯಿ ಕೇಳಿಬಿಟ್ಟಿತು.

"ಏನಾಕ್ಕೈತಿ ಅವಂಗ!" ಗಂಗತ್ತೆ ಸಿಟ್ಟಿನಿಂದಲೇ ಹೇಳಿದರು. "ಕಲ್ಲಿನಂಗ ಅದಾನ. ಮಮ್ಮಕ್ಕಳನ ಕಂಡಾನ. ಮೊನ್ನೆ ಸಂತ್ಯಾಗ ಎಮ್ಮಿ ಕೊಂಡಾನಂತ, ನಾ ಇಲ್ಲಿ ಕುಂತ ಚಿಂತಿ ಮಾಡೂದು!"

ಶಾಂತಾ ಅಳುವಿನ ನಡುವೆಯೇ ಮತ್ತೆ ನಕ್ಕಳು. ಗಂಗತ್ತೆ ನಗಲಿಲ್ಲ. ಹಸಿರು ಖಣವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಕಾಶವ್ವ ಮುತ್ತೈದಿ ಆಗಿ ಹೋದಳು ಅಂದ್ರ..." ಎಂದು ನಿಲ್ಲಿಸಿದರು. ಖಣವನ್ನು ಕೆಳಗಿಟ್ಟು ಮುಗಿಸಿದರು: "ಅವತ್ತ ನಿಡೋಣ್ಯಾಗ ಉಡಿ ತುಂಬಿದ್ದೂ ಮುತ್ತೈದಿ ಕೈನ."

ಗಂಗತ್ತೆ ಎದ್ದು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದು. ಬಂದು ತಾಳಿಯ ಎರಡು ಬಟ್ಟಲನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಶಾಂತಾಳ ಅಂಗೈಯಲ್ಲಿಟ್ಟರು. ಅಷ್ಟು ವರ್ಷ ಮದುವೆಯ ಮನೆಗಳಲ್ಲಿ ಅರಿಷಿಣದ ಬಟ್ಟಲನ್ನೂ ಮುಟ್ಟದವರು, ತಾವಾಗಿ, ತಮ್ಮ ಕೈಯಿಂದ.

"ಪತ್ತಾರನ ಕಡೆ ಒಯ್ದು ಸಾಣಿ ಹಿಡಿಸ್ಕೊಂಬಾ. ಸಂದಿನ್ಯಾಗ ಇನ್ನಾ ಡೋಣಿ ಮಣ್ಣೈತಿ."

ಮದುವೆ ಹೋದ ವಾರ ತಿಕೋಟಾದಲ್ಲಿ ಆಯಿತು. ನಾನೂ ಹೋಗಿದ್ದೆ. ತಾಳಿ ಕಟ್ಟುವಾಗ ಗಂಗತ್ತೆ ಅಡಿಗೆಮನೆಯಲ್ಲಿರಲಿಲ್ಲ, ಚಪ್ಪರದ ಕಂಬಕ್ಕೆ ಒರಗಿ ಎಲ್ಲರ ಜೊತೆ ನಿಂತಿದ್ದರು. ಯಾರೋ ಒಬ್ಬಾಕೆ ತಿರುಗಿ ನೋಡಿದಳು. ಗಂಗತ್ತೆಯೂ ಅವಳನ್ನು ತಿರುಗಿ ನೋಡಿದರು. ಅಷ್ಟೇ. ಶಾಂತಾ ಹೊರಡುವಾಗ ಹಳೆಯ ಕಬ್ಬಿಣದ ಗಜವನ್ನೂ ಜೊತೆಗೆ ಒಯ್ದಳು. "ಅದ್ಯಾಕವ್ವಾ?" ಎಂದು ಬೀಗರು ಕೇಳಿದ್ದಕ್ಕೆ "ಅರಿವಿ ಅಳ್ಯಾಕ್ರಿ" ಎಂದಳು, ಬಹಳ ವಿನಯದಿಂದ. ಪಾಪ, ಆ ಹುಡುಗನಿಗೆ ಇನ್ನೂ ಗೊತ್ತಿಲ್ಲ.

ಎಲ್ಲರ ಪ್ರಶ್ನೆಗೂ ಉತ್ತರ ಸಿಕ್ಕಿತು. ನನ್ನದೊಂದು ಉಳಿದಿದೆ. ಮದುವೆ ಮುಗಿಸಿ ಬಸ್ಸಿನಲ್ಲಿ ವಿಜಾಪುರಕ್ಕೆ ಬರುವಾಗ ಹೊಳೆದದ್ದು, ಈ ವಾರವಿಡೀ ಕಾಡುತ್ತಿದೆ. ಒಂದು ವೇಳೆ ಡೋಣಿ ಕಾಶವ್ವ ಕಾಕುವನ್ನೇ ಮೊದಲು ಕರೆದುಕೊಂಡು, ಸಂಗಪ್ಪ ಕಾಕಾ ದಂಡೆಯ ಮೇಲೆ ಸ್ವಲ್ಪ ಹೊತ್ತು ಉಸಿರಾಡಿದ್ದರೆ, ಆ ಸ್ವಲ್ಪ ಹೊತ್ತು ಅವರು ಏನಾಗಿದ್ದರು ಎಂದು ಕೇಳಿಕೊಂಡು ಬರಲು ಯಾರಾದರೂ ನನ್ನನ್ನು ಸಾರವಾಡದ ಬಸ್ಸು ಹತ್ತಿಸುತ್ತಿದ್ದರೇ?